ಹಳೆಯದಾಗಬೇಕಿದ್ದ ಸ್ವೆಟರ್

ಕೀಚ್, ಕೀಚ್, ಕೀಚ್. ತಲೆಯ ಮೇಲಿನ ಮನೆಯಲ್ಲಿ ಮಹೀನಳ ಪೀಪಿ ಬೂಟು ಗೋಡೆಯಿಂದ ಗೋಡೆಗೆ ನಡೆಯುತ್ತಿತ್ತು. ಈಗಷ್ಟೇ ಹೆಜ್ಜೆ ಕಲಿತ ಕೂಸು. ಸದ್ದು ನಿಂತಿತೆಂದರೆ ಬಿದ್ದಿದೆ ಎಂದು ಅರ್ಥ. ಕೆಳಗೆ, ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು ಕೂತ ಯಶೋದಮ್ಮ ಆ ಸದ್ದಿಗೇ ಹೆಣಿಗೆಯ ಕಡ್ಡಿ ಆಡಿಸುತ್ತಿದ್ದಳು. ಒಂದು ಸೀದಾ, ಒಂದು ಉಲ್ಟಾ. ಬೂಟು ನಿಂತಲ್ಲಿ ಅವಳ ಕೈಯೂ ನಿಂತಿತು, ಕುಣಿಕೆಯೊಂದು ಕಡ್ಡಿಯಿಂದ ಜಾರಿತು.

ರಾಮಮೂರ್ತಿ ನಗರದ ಈ ಮನೆ ಎದ್ದ ಜಾಗದಲ್ಲಿ, ಅವಳು ಸೊಸೆಯಾಗಿ ಬಂದಾಗ, ದಂಟು ಕೊತ್ತಂಬರಿ ಬೆಳೆಯುತ್ತಿದ್ದರು. ಕಳೆ ಕಿತ್ತು, ಸೊಪ್ಪಿನ ಕಟ್ಟು ಕಟ್ಟಿದ ಬೆರಳುಗಳವು. ಉಲ್ಲನ್ ನೂಲು ಅವುಗಳಿಗೆ ಒಗ್ಗುತ್ತಲೇ ಇರಲಿಲ್ಲ. ಕಲಿಸಿದವಳು ಮಹೀನಳ ಅಜ್ಜಿ ಶಂಶುನ್ನೀಸಾ, ಮೇಲಿನ ಮನೆಯ ಬಾಡಿಗೆದಾರಳು. ಎಳೆ ಬಿಗಿಯಾದರೆ ಹುಟ್ಟಲಿರುವ ಮೊಮ್ಮಗುವಿಗೆ ಉಸಿರು ಕಟ್ಟೀತೆಂಬ ಭಯಕ್ಕೆ ಯಶೋದಮ್ಮ ಎಲ್ಲವನ್ನೂ ಸಡಿಲ ಬಿಟ್ಟಿದ್ದಳು. ಹೇಳಿಕೊಟ್ಟಷ್ಟೇ ಕುಣಿಕೆ ಹಾಕಿದರೂ ಸ್ವೆಟರ್ ಹಬ್ಬುತ್ತಾ ಹೋಗಿತ್ತು. ಅದನ್ನು ಕಂಡ ದಿನ ಶಂಶುನ್ನೀಸಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಉಲ್ಲನ್ ಬಿಡೋಕೆ ನಿಮ್ದು ಎಷ್ಟು ಧಾರಾಳ ಕೈ ಅಮ್ಮ. ನಮ್ಗೆ ನೀರು ಬಿಡೋವಾಗ ಆ ಕೈ ಎಲ್ಲಿ ಹೋಗತ್ತೆ?"

ಮಾತು ಚುಚ್ಚಿದರೂ ಯಶೋದಮ್ಮ ಕಡ್ಡಿ ಕೆಳಗಿಡಲಿಲ್ಲ. ಮೊಮ್ಮಗುವಿನ ಮೈಗೆ ಮೊದಲು ಬೀಳುವುದು ತಾನು ಹೆಣೆದದ್ದೇ ಆಗಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಮಗಳು ದಿವ್ಯ ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಂದ ದಿನವೇ ಫೋನಿನಲ್ಲಿ ಕಾಲುಚೀಲ, ಕುಲಾವಿಗಳ ಫೋಟೊ ತೋರಿಸಿ, ಎಲ್ಲಾ ಅಮ್ಮ ಹೆಣೆದಿದ್ದು ಅಂದಿದ್ದಳು. ಯಾವ ಅಮ್ಮ ಎಂದು ಹೆತ್ತವಳು ಕೇಳಬೇಕಾಗಿ ಬಂತು. ಹಲಸೂರಿನ ಅತ್ತೆ ನಾಗರತ್ನಾಳನ್ನು ದಿವ್ಯ ಈಗ ಅಮ್ಮ ಎಂದೇ ಕರೆಯುತ್ತಿದ್ದಳು. ಆ ಅಮ್ಮ ಬಾಲ್ಯದಲ್ಲಿ ಕಾನ್ವೆಂಟಿನಲ್ಲಿ ಹೆಣಿಗೆ ಕಲಿತವಳಂತೆ. ಟಿವಿ ನೋಡುತ್ತಲೇ ಹೆಣೆಯುತ್ತಾಳಂತೆ, ಕಡ್ಡಿಯ ಕಡೆ ಕಣ್ಣೂ ಹಾಯಿಸುವುದಿಲ್ಲವಂತೆ. ಮಗಳ ಬಾಯಲ್ಲಿ ಆ ಹೊಗಳಿಕೆ ಕೇಳಿದಾಗೆಲ್ಲ ಯಶೋದಮ್ಮನ ಹೊಟ್ಟೆಯಲ್ಲಿ ಯಾರೋ ಒದ್ದೆ ಸೌದೆಗೆ ಬೆಂಕಿ ಹಚ್ಚಿದಂತಾಗುತ್ತಿತ್ತು. ಉರಿಯದು, ಆರದು, ಹೊಗೆ ಮಾತ್ರ. ಶಿವಾಜಿನಗರಕ್ಕೆ ಒಬ್ಬಳೇ ಹೋಗಿ ತಿಳಿನೀಲಿ ಉಲ್ಲನ್ ತಂದು, ಹಳೆ ಕುಕ್ಕರಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಳು.

ಗೇಟು ಕಿರುಗುಟ್ಟಿತು. ಸ್ವೆಟರ್ ಪೆಟ್ಟಿಗೆಗಿಳಿಯಿತು. ಬಂದವಳು ನಾಗರತ್ನಾಳೇ. ಕೈಯಲ್ಲಿ ಸೊಸೆಗೆಂದು ಹುರಿದ ಬೆಳ್ಳುಳ್ಳಿ, ಕೊಬ್ಬರಿ ಮಿಠಾಯಿ, ಜೊತೆಗೆ ಒಂದು ಬಟ್ಟೆಯ ಚೀಲ. ಚೀಲದಿಂದ ತೆಗೆದದ್ದು ಅಂಗೈ ಮೇಲೆ ಕೂರುವಂಥ ಹಳದಿ ಸ್ವೆಟರ್. ಅಂಚಿಗೆ ಹೂಬಳ್ಳಿ, ಎದೆಗೆ ಪುಟ್ಟ ಬಿಳಿ ಗುಂಡಿ. ದಿವ್ಯ ಅದನ್ನು ಕೆನ್ನೆಗೊತ್ತಿಕೊಂಡು, ಆಸ್ಪತ್ರೆಯಿಂದ ಬರುವಾಗ ಇದನ್ನೇ ಹಾಕೋಣ ಅಂದಳು.

ಆ ಕೆನ್ನೆಯನ್ನು ನೋಡುತ್ತಿದ್ದ ಯಶೋದಮ್ಮನ ಬಾಯಿಂದ ಮಾತು ತಾನಾಗಿ ಬಂತು. "ಹಾಕೋ ಹಾಗಿಲ್ಲ. ನಾಮಕರಣ ಆಗೋವರೆಗೂ ಕೂಸಿಗೆ ಹೊಸ ಬಟ್ಟೆ ಸೋಕಿಸಬಾರ್ದು. ಬೇರೆ ಮಕ್ಕಳು ಹಾಕಿ ಬಿಟ್ಟಿದ್ದೇ ಹಾಕ್ಬೇಕು. ನಮ್ಮಲ್ಲಿ ಹಂಗೇ."

ಗೆದ್ದೆನೆನ್ನಿಸಿತು. ಮರುಗಳಿಗೆಯೇ ಕುಕ್ಕರಿನ ಪೆಟ್ಟಿಗೆ ನೆನಪಾಯಿತು. ಅದರೊಳಗಿನದೂ ಹೊಸದೇ. ಶಾಸ್ತ್ರ ಹೇಳಿ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿದ್ದಳು.

ನಾಗರತ್ನಾಳ ಮುಖದಲ್ಲಿ ಬೇಸರದ ಸುಳಿವೂ ಇಲ್ಲ. "ಅದು ನಮ್ಮಲ್ಲೂ ಇದೆ ಯಶೋದಕ್ಕ. ಅದಕ್ಕೇ ಹೊಸ ಉಲ್ಲನ್ ತರ್ಲಿಲ್ಲ. ಮಧುಕರ ಕೂಸಾಗಿದ್ದಾಗ ಹಾಕ್ಕೊಂಡಿದ್ದ ಸ್ವೆಟರ್ ಬಿಚ್ಚಿ, ಅದೇ ನೂಲಲ್ಲಿ ಹೆಣೆದೆ."

ಗಂಡ ಮಗುವಾಗಿದ್ದಾಗ ತೊಟ್ಟ ನೂಲು ಎಂದು ಕೇಳಿದ್ದೇ ದಿವ್ಯಳ ಕಣ್ಣು ತುಂಬಿತು. "ಅಮ್ಮಾ, ನೋಡು, ಅಮ್ಮ ಎಷ್ಟೆಲ್ಲಾ ಯೋಚನೆ ಮಾಡಿದಾರೆ."

ಯಶೋದಮ್ಮ ಕಾಫಿಯ ನೆಪ ಹೇಳಿ ಅಡುಗೆಮನೆಗೆ ಹೋದಳು. ಹಾಲು ಒಲೆಯ ಮೇಲಿಟ್ಟು ನಿಂತಳು. ಹಜಾರದಿಂದ ಇಬ್ಬರ ನಗು ಕೇಳಿಬಂತು. ಈ ಮನೆಯಲ್ಲಿ ತಾನೇ ನೆಂಟಳೇನೋ ಎನ್ನಿಸುವಂಥ ನಗು. ಹಾಲು ಉಕ್ಕಿ ಸುತ್ತ ಹರಿಯಿತು, ಒರೆಸುವ ಮನಸ್ಸೂ ಆಗಲಿಲ್ಲ.

ಕೀಚ್, ಕೀಚ್. ಮೇಲೆ ಮಹೀನ್ ಮತ್ತೆ ಎದ್ದಿದ್ದಳು.

ಯಶೋದಮ್ಮ ತಲೆಯೆತ್ತಿ ಆ ಹೆಜ್ಜೆಗಳನ್ನು ಕೇಳಿದಳು. ಒಲೆ ಆರಿಸಿ, ಪೆಟ್ಟಿಗೆ ಎಳೆದು, ತಿಳಿನೀಲಿಯನ್ನು ಬಿಡಿಸಿ ಹಿಡಿದಳು. ಎಷ್ಟೋ ಸಲ ನಾಚಿಕೆಯಿಂದ ಮಡಚಿಟ್ಟ ಅದರ ಅಗಲವನ್ನು ಮೊದಲ ಬಾರಿ ತೃಪ್ತಿಯಿಂದ ಅಳೆದಳು. ಜಾರಿದ ಕುಣಿಕೆಯನ್ನು ಎತ್ತಿ, ಕೊನೆಯ ಸಾಲು ಮುಗಿಸಿ, ನೂಲು ಕಚ್ಚಿ ಕತ್ತರಿಸಿ ಹೊರಗೆ ಬಂದಳು.

ದಿವ್ಯ ಕಣ್ಣರಳಿಸಿ ಕೇಳಿದಳು. "ಇದ್ಯಾರು ಹೆಣೆದಿದ್ದಮ್ಮಾ?"

"ನಾನೇ."

"ನೀನಾ? ನಂಗೊಂದು ಮಾತೂ ಹೇಳ್ಲಿಲ್ಲ." ಎದ್ದು ಬಂದು ಮುಟ್ಟಿ ನೋಡಿದ ಮಗಳು ತಡೆಯಲಾರದೆ ನಕ್ಕಳು. ಕೂಸು ಇದರೊಳಗೆ ಕಳೆದೇಹೋಗುತ್ತದೆ ಅಂದಳು. ನಕ್ಕರೂ ಅವಳ ಬೆರಳುಗಳು ಬಟ್ಟೆಯನ್ನು ಬಿಟ್ಟಿರಲಿಲ್ಲ.

ನಾಗರತ್ನಾ ಕನ್ನಡಕ ಏರಿಸಿ ನೋಡಿದಳು. ಮೊದಲ ಸಲಕ್ಕೆ ಬಹಳ ಚೆನ್ನಾಗಿದೆ, ಒಂದು ತೋಳು ಮಾತ್ರ ಉದ್ದ ಬಂದಿದೆ, ಕೊಟ್ಟರೆ ಈಗಲೇ ಸರಿ ಮಾಡುತ್ತೇನೆ ಎಂದು ಕೈ ಚಾಚಿದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಯಶೋದಮ್ಮನಿಗೆ ಇಷ್ಟು ಉರಿಯುತ್ತಿರಲಿಲ್ಲ.

"ಬೇಡ. ತೋಳು ಮಡಚಿದ್ರಾಯ್ತು." ಸ್ವೆಟರನ್ನು ಎದೆಗವಚಿಕೊಂಡು ಬಾಗಿಲು ದಾಟಿದಳು.

"ಎಲ್ಲಿಗಮ್ಮಾ? ಕಾಫಿ?"

"ಮೇಲಕ್ಕೆ. ಮಹೀನ್ ಮೈಗೆ ಸರಿಯಾಗತ್ತೆ ಇದು." ಮೆಟ್ಟಿಲ ಮೇಲಿಂದ ಯಶೋದಮ್ಮನ ದನಿ ದೂರವಾಗುತ್ತಾ ಹೋಯಿತು. "ಅವಳು ನಾಕು ದಿನ ಹಾಕ್ಕೊಂಡು ಓಡಾಡ್ಲಿ, ಇದೂ ಹಳೇದಾಗತ್ತೆ. ಆಮೇಲೆ ನೋಡೋಣ, ಕೂಸಿಗೆ ಮೊದ್ಲು ಯಾವ ಅಜ್ಜಿದು ಹಾಕ್ತೀರಂತ."