ಕಸಾರಾ ಘಾಟಿ ಹತ್ತಿದ ಪುಷ್ಪಚಕ್ರ

"ಫ್ಯಾನು ಒಂದರಲ್ಲಿ ಇಡ್ಲಾ, ಮೂರರಲ್ಲಾ?"

ಡೊಂಬಿವಲಿ ಪೂರ್ವದ ಒಂದು ಕೋಣೆಯ ಮನೆ. ಭಾನುವಾರ ಬೆಳಗಿನ ಜಾವ ನಾಲ್ಕೂವರೆ. ಕೇಳುತ್ತಿರುವವರು ಮುಂಡಪ್ಪ. ಅವರ ಹೆಂಡತಿ ಜಯಲತಾ ಗೊಂಡೆ ಹೂವಿನ ಪುಷ್ಪಚಕ್ರವೊಂದನ್ನು ಎರಡೂ ಕೈಯಲ್ಲಿ ಎತ್ತಿ ಟೇಬಲ್ ಫ್ಯಾನಿನ ಎದುರು ಹಿಡಿದು ನಿಂತಿದ್ದಾರೆ.

"ಮೂರರಲ್ಲೇ ಇಡಿ. ಘಾಟಿಯ ಗಾಳಿ ನಿಮ್ಮ ಹಾಗೆ ಕೇಳಿ ಬೀಸ್ತದಾ?"

ಫ್ಯಾನು ಭರ್ರೆಂದು ತಿರುಗುತ್ತದೆ. ಗೋಡೆಯ ಕ್ಯಾಲೆಂಡರು ಹಾರುತ್ತದೆ, ಮುಂಡಪ್ಪನವರ ಪಂಚೆ ಹಾರಲು ನೋಡುತ್ತದೆ. ಹೂವು ಮಾತ್ರ ಅಲ್ಲಾಡುವುದಿಲ್ಲ. ಜಯಲತಾ ಚಕ್ರವನ್ನು ತಲೆಕೆಳಗು ಮಾಡಿ ಒಮ್ಮೆ ಕೊಡವುತ್ತಾರೆ. ಒಂದೇ ಒಂದು ದಳ ಬೀಳುತ್ತದೆ. ಅದನ್ನು ಗುಮಾನಿಯಿಂದ ನೋಡಿ, "ಇದು ಮೊದ್ಲೇ ಹೊರಟು ನಿಂತದ್ದು, ಲೆಕ್ಕಕ್ಕಿಲ್ಲ," ಎನ್ನುತ್ತಾರೆ.

ಐವತ್ಮೂರರ ಜಯಲತಾ ಕಲ್ಯಾಣದ ಹೂವಿನ ಮಾರುಕಟ್ಟೆಯಲ್ಲಿ ಕೂಲಿಗೆ ಹೂ ಕಟ್ಟುವವರು. ವಾಗ್ಳೆ ಎಸ್ಟೇಟಿನಲ್ಲಿ ಗಂಡ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದ ವರ್ಷ ಹಿಡಿದ ಕೆಲಸ, ಹದಿನಾರು ವರ್ಷವಾಯಿತು. ಮೂರೂಕಾಲಿಗೆ ಏಳುವುದು, ಕಲ್ಯಾಣದ ಲೋಕಲ್ ಹಿಡಿಯುವುದು, ಹನ್ನೊಂದರ ತನಕ ಒದ್ದೆ ಗೋಣಿಯ ಮೇಲೆ ಕೂತು ಅರವತ್ತು ಮಾಲೆ, ಏಳೆಂಟು ಪುಷ್ಪಚಕ್ರ. ಮಳೆಗಾಲದಲ್ಲಿ ಬೆರಳ ಸಂದಿಗಳು ಬೆಳ್ಳಗೆ ಸುಲಿಯುತ್ತವೆ. "ಪುಢಾರಿ ತೀರಿಕೊಂಡ್ರೆ ನಲ್ವತ್ತು ಚಕ್ರವೂ ಆಗ್ತದೆ. ಒಳ್ಳೆ ಗಿರಾಕಿಗಳು. ಹೂ ಬಾಡಿದೆ ಅಂತ ಒಬ್ಬರೂ ತಿರುಗಿ ಬಂದು ಜಗಳಾಡಿದ್ದಿಲ್ಲ."

ಜಗಳ ತಂದವರು ಬದುಕಿದ್ದವರು, ಅದೂ ಬೈಕಿನವರು. ನೆರೂಳದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಯಜ್ಞೇಶ್ವರ ಭಟ್ಟರದ್ದೊಂದು ಗೆಳೆಯರ ಗುಂಪಿದೆ. ಒಂಬತ್ತು ಬೈಕು, ಸರಾಸರಿ ವಯಸ್ಸು ಐವತ್ತೆರಡು, ಸೊಂಟನೋವಿನ ಬೆಲ್ಟು ನಾಲ್ಕು. ಪ್ರತಿ ಡಿಸೆಂಬರಿನಲ್ಲಿ ವಿಜಯ ದಿವಸದ ಹತ್ತಿರದ ಭಾನುವಾರ ಇವರು ಕಸಾರಾ ಘಾಟಿ ಹತ್ತಿ, ಆಚೆಯ ಪುಟ್ಟ ಊರೊಂದರ ಯುದ್ಧ ಸ್ಮಾರಕಕ್ಕೆ ಹೋಗುತ್ತಾರೆ. ಪುಷ್ಪಚಕ್ರವನ್ನು ಕಾರಿನಲ್ಲಿ ತರುವಂತಿಲ್ಲ. "ಬೈಕಿನವರ ಮರ್ಯಾದೆ ಬೈಕಿನಲ್ಲೇ ಹೋಗ್ಬೇಕು," ಎಂಬುದು ಭಟ್ಟರ ಶಾಸನ.

ಹೋದದ್ದೇನೋ ಹೋಯಿತು. ಎರಡು ವರ್ಷದ ಹಿಂದೆ ಹೆಡ್‌ಲೈಟಿಗೆ ಕಟ್ಟಿದ ಚಕ್ರ ನೂರು ಕಿಲೋಮೀಟರು ಗಾಳಿ ಕುಡಿದು, ಹುಲ್ಲಿನ ಸಿಂಬಿಯಾಗಿ ತಲುಪಿತು. ಕಳೆದ ವರ್ಷ ಭಟ್ಟರು ಹೋಟೆಲಿನವರ ಬುದ್ಧಿ ಓಡಿಸಿದರು. ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಗೆ ಚಕ್ರ ಇಟ್ಟು, ಒದ್ದೆ ಬಟ್ಟೆ ಮುಚ್ಚಿ, ಮುಚ್ಚಳ ಬಿಗಿದು, ಸೈಲೆನ್ಸರಿನ ಮೇಲ್ಗಡೆ ಕಟ್ಟಿದರು. ಸ್ಮಾರಕದ ಎದುರು ಮುಚ್ಚಳ ತೆಗೆದಾಗ ಆವಿ ಬಂತು.

"ಹದವಾಗಿ ಬೆಂದಿತ್ತು," ಭಟ್ಟರು ಒಪ್ಪಿಕೊಳ್ಳುತ್ತಾರೆ. "ಚಟ್ನಿ ಒಂದು ಕಡಿಮೆ."

ಎರಡೂ ಸಲ ಹೂ ಕಟ್ಟಿದ್ದು ಜಯಲತಾ. ಈ ಸಲ ಬೇಲಾಪುರದ ಕಚೇರಿಯಲ್ಲಿರುವ ಗುಂಪಿನ ಕಿರಿಯ ಸದಸ್ಯ ಸಂದೇಶ ಒಂದು ಪ್ಲಾಸ್ಟಿಕ್ ಚಕ್ರ ಕೊಂಡು ತಂದಿದ್ದಾನೆ. "ಆಂಟೀ, ರಿಸ್ಕ್ ಕಾಯ್ಕೋ ಲೇನೇಕಾ? ಸುಮ್ನೆ ರಿಸ್ಕ್ ಯಾಕೆ? ಇದು ಹತ್ತು ವರ್ಷ ನಡೀತದೆ." ಭಟ್ಟರ ತೀರ್ಪು: ಎರಡನ್ನೂ ಒಯ್ಯುವುದು, ಹೂವು ಉಳಿದರೆ ಹೂವು. ಉಳಿಯದಿದ್ದರೆ ಇನ್ನು ಮುಂದೆ ಪ್ರತಿವರ್ಷವೂ ಪ್ಲಾಸ್ಟಿಕ್ಕೇ.

"ಆ ಕಲ್ಲಿನಲ್ಲಿ ಹೆಸರಿದ್ದವರು ನನಗೆ ನೆಂಟರಲ್ಲ, ಇಷ್ಟರಲ್ಲ. ಆದ್ರೆ ಅವರ ಎದುರು ಬೋಳಾಗಿ ನಿಂತ ಚಕ್ರ ಕಟ್ಟಿದ್ದು ನನ್ನ ಕೈ," ಎನ್ನುತ್ತಾರೆ ಜಯಲತಾ. ಮಾರುಕಟ್ಟೆಯ ಪದ್ಧತಿಯಲ್ಲಿ ಹೂವನ್ನು ಹುಲ್ಲಿನ ಸಿಂಬಿಗೆ ಕಡ್ಡಿಯಿಂದ ಚುಚ್ಚುತ್ತಾರೆ. ಬೇಗ ಆಗುತ್ತದೆ, ಗಾಳಿಗೆ ಕಿತ್ತುಬರುತ್ತದೆ. ಅವರು ಈ ಸಲ ಹುಟ್ಟೂರು ಶಂಕರಪುರದ ಮಲ್ಲಿಗೆಯ ಕ್ರಮಕ್ಕೆ ತಿರುಗಿದ್ದಾರೆ. ಬಾಳೆನಾರನ್ನು ನೆನೆಸಿ, ಒಂದೊಂದು ಗೊಂಡೆಯ ತೊಟ್ಟಿಗೂ ಎರಡು ಸುತ್ತು, ಒಂದು ಗಂಟು. ಮುನ್ನೂರ ನಲವತ್ತು ಹೂವು, ಎರಡು ದಿನ. "ಊರಲ್ಲಿ ನನ್ನಮ್ಮ ಗಂಟು ಹಾಕಿದ್ರೆ ಮದುಮಗಳು ಮೂರು ದಿನ ಕುಣಿದ್ರೂ ಮಲ್ಲಿಗೆ ಉದುರ್ತಿರ್ಲಿಲ್ಲ."

ಫಲಿತಾಂಶವನ್ನು ಕಣ್ಣಾರೆ ನೋಡಲು ಅವರೂ ಹೊರಟಿದ್ದಾರೆ. ಬೈಕಿನಲ್ಲಿ ಇದೇ ಮೊದಲ ದೂರ ಪ್ರಯಾಣ. ಚಕ್ರವನ್ನು ಭಟ್ಟರ ಬುಲೆಟ್ಟಿನ ಹಿಂದೆ ನೆಟ್ಟಗೆ ನಿಲ್ಲಿಸಿ ಕಟ್ಟಲಾಗಿದೆ. ಜಯಲತಾ ಸಂದೇಶನ ಹಿಂದೆ ಕೂತಿದ್ದಾರೆ, ಮಡಿಲಲ್ಲಿ ಚೀಲ, ಚೀಲದೊಳಗೆ ಎದುರಾಳಿ ಪ್ಲಾಸ್ಟಿಕ್ಕು.

"ಇನ್ನೂ ಹತ್ತಿರ ಹೋಗು ಮಗಾ, ಎಡಗಡೆದು ಕಾಣ್ತಾ ಇಲ್ಲ."

"ಆಂಟೀ, ಇದಕ್ಕಿಂತ ಹತ್ತಿರ ಹೋದ್ರೆ ನಮಗೇ ಒಂದೊಂದು ಚಕ್ರ ಬೇಕಾಗ್ತದೆ."

ಶಹಾಪುರದಲ್ಲಿ ಚಹಾಕ್ಕೆ ನಿಂತಾಗ, ದಾರಿಹೋಕ ಮುದುಕರೊಬ್ಬರು ಪುಷ್ಪಚಕ್ರ ಕಂಡು ಟೋಪಿ ತೆಗೆದು, ಯಾರು ಹೋದದ್ದು ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳುತ್ತಾರೆ. ಬಾಯಿ ತುಂಬ ವಡೆ ಇರುವ ಭಟ್ಟರು ಗಂಭೀರವಾಗಿ ಹೇಳುತ್ತಾರೆ: "ಅಜೂನ್ ಕೋಣೀ ನಾಹೀ." ಇನ್ನೂ ಯಾರೂ ಇಲ್ಲ. ಮುದುಕರು ಒಂಬತ್ತು ಬೈಕುಗಳನ್ನೂ ಒಂಬತ್ತು ಹೊಟ್ಟೆಗಳನ್ನೂ ನೋಡಿ, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿ ನಡೆಯುತ್ತಾರೆ.

ಘಾಟಿಯಲ್ಲಿ ನಗು ನಿಲ್ಲುತ್ತದೆ. ಎದುರಿನಿಂದ ಇಳಿಯುವ ಒಂದೊಂದು ಟ್ರಕ್ಕಿನ ಗಾಳಿಗೂ ಬುಲೆಟ್ಟಿನ ಹಿಂದೆ ಕಟ್ಟಿದ ಪುಷ್ಪಚಕ್ರ ಬಾಗಿ ಏಳುತ್ತದೆ. ಒಂದು ಹಳದಿ ಹೂ ಹಾರಿ ಸಂದೇಶನ ಹೆಲ್ಮೆಟ್ಟಿಗೆ ಬಡಿಯುತ್ತದೆ. ಹಿಂದೆಯೇ ಇನ್ನೊಂದು. ಜಯಲತಾ ಕಣ್ಣು ಮುಚ್ಚಿ ಚೀಲವನ್ನು ಗಟ್ಟಿಯಾಗಿ ಅಪ್ಪಿಕೊಳ್ಳುತ್ತಾರೆ. ಮತ್ತೆ ಕಣ್ಣು ತೆರೆಯುವುದು ಸ್ಮಾರಕದ ಗೇಟಿನಲ್ಲೇ.

ಅಲ್ಲಿ ಅವರು ಮೊದಲು ಮಾಡುವ ಕೆಲಸ ಎಣಿಸುವುದು. ಭಟ್ಟರು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಬಂದ ಅಪ್ಪನಂತೆ ಕಾಯುತ್ತಾರೆ. ಏಳು ಹೂವು ಕಡಿಮೆ. ಉಳಿದ ಮುನ್ನೂರ ಮೂವತ್ಮೂರು ಕೂತಲ್ಲೇ ಕೂತಿವೆ.

"ಜಯಕ್ಕ, ಇದನ್ನೇ ಇಡುವುದು," ಎನ್ನುತ್ತಾರೆ ಭಟ್ಟರು.

ಸಂದೇಶ ಸೋಲೊಪ್ಪಿಕೊಂಡು ಚೀಲ ತೆರೆಯುತ್ತಾನೆ. ಹತ್ತು ವರ್ಷ ನಡೆಯಬೇಕಾಗಿದ್ದ ಪ್ಲಾಸ್ಟಿಕ್ ಚಕ್ರ ನೀರುದೋಸೆಯಂತೆ ಮಡಿಚಿಕೊಂಡಿದೆ.

"ಆಂಟೀ."

"ಹೆದರಿಕೆ ಆಯ್ತು ಮಾರಾಯ. ಎಂತಾದ್ರೂ ಹಿಡ್ಕೊಳ್ಬೇಕಲ್ವಾ?"

ಕಹಳೆ ಮೊಳಗುತ್ತದೆ. ಭಟ್ಟರೂ ಸಂದೇಶನೂ ಚಕ್ರವನ್ನು ಕಲ್ಲಿನ ಬುಡದಲ್ಲಿಟ್ಟು ಹಿಂದೆ ಸರಿಯುತ್ತಾರೆ. ಎರಡು ನಿಮಿಷ ಯಾರೂ ಕೆಮ್ಮುವುದಿಲ್ಲ. ಜಯಲತಾ ಎಲ್ಲರಿಗಿಂತ ಹಿಂದೆ, ಸೆರಗು ಹೊದ್ದು, ಹಳದಿ ಕರೆ ಹಿಡಿದ ಬೆರಳುಗಳನ್ನು ಅದರೊಳಗೆ ಅಡಗಿಸಿ ನಿಂತಿದ್ದಾರೆ.

ಜನ ಚದುರಿದ ಮೇಲೆ ಕಾವಲಿನ ಹವಾಲ್ದಾರರು ಬಳಿಗೆ ಬರುತ್ತಾರೆ. ಕಳೆದೆರಡು ವರ್ಷವೂ ಇದ್ದವರು, ಆವಿಯನ್ನೂ ಕಂಡವರು. ಚಕ್ರವನ್ನು ಯಾರು ಮಾಡಿದ್ದೆಂದು ಕೇಳುತ್ತಾರೆ. ಒಂಬತ್ತು ಮಂದಿಯೂ ಜಯಲತಾ ಅವರತ್ತ ಕೈ ತೋರಿಸುತ್ತಾರೆ.

"ಏಕ್ ಭೀ ನಹೀ ಗಿರಾ," ಎಂದು ಹವಾಲ್ದಾರರು ಮೆಚ್ಚುತ್ತಾರೆ, ಒಂದೂ ಬಿದ್ದಿಲ್ಲವಲ್ಲ.

"ಸಾತ್ ಗಿರಾ," ಏಳು ಬಿದ್ದಿವೆ ಎಂದು ತಿದ್ದುತ್ತಾರೆ ಜಯಲತಾ.

ಅಷ್ಟರಲ್ಲಿ ಗಾಳಿ ಬೀಸಿ, ಪಕ್ಕದಲ್ಲಿ ಬೇರೆ ಯಾರೋ ಇಟ್ಟಿದ್ದ ದೊಡ್ಡ ಚಕ್ರವೊಂದರಿಂದ ಎರಡು ಕೆಂಪು ಹೂ ಕಳಚಿ ಕಲ್ಲಿನ ಮೇಲೆ ಉರುಳುತ್ತವೆ. ಜಯಲತಾ ಸೊಂಟದ ಗಂಟಿನಿಂದ ಒಂದೆಳೆ ಬಾಳೆನಾರು ತೆಗೆದು, ಬಾಯಲ್ಲಿ ನೆನೆಸಿ, ಚಪ್ಪಲಿ ಬಿಡುತ್ತಾರೆ. ಹವಾಲ್ದಾರರು, ಜನ ದಾಟಬಾರದೆಂದು ಅಡ್ಡ ಕಟ್ಟಿದ ಹಗ್ಗವನ್ನು ಎತ್ತಿ ಹಿಡಿದು, ಮುಖವನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲುತ್ತಾರೆ.