ವಿಷಯ ಸಿಗದ ಭಾನುಪ್ರಿಯಾ

ಬಯೋಮೆಕ್ಯಾನಿಕ್ಸ್‌ನಲ್ಲಿ ಪಿಎಚ್‌.ಡಿ. ಸೀಟು ಸಿಕ್ಕಿದಾಗಿನಿಂದ ಹೊನ್ನವಳ್ಳಿಯ ಭಾನುಪ್ರಿಯಾ ಊರಿನಲ್ಲಿ ಯಾರನ್ನೂ ನೆಮ್ಮದಿಯಾಗಿ ನಡೆಯಗೊಡುವುದಿಲ್ಲ. ಡೇರಿಗೆ ಹೊರಟ ಯಮುನಕ್ಕನನ್ನು ತಡೆದು, "ಅಕ್ಕಾ, ಇನ್ನೊಂದ್ಸಲ ನಡೀರಿ, ನಿಮ್ ಎಡಮಂಡಿ ವಾಲ್ತದೆ" ಎನ್ನುತ್ತಾಳೆ. ತಿಪಟೂರಿನ ಬಸ್ಸಿನಲ್ಲಿ ನಿಂತವರ ಬೆನ್ನುಮೂಳೆ ನೋಡುತ್ತ ತನ್ನ ಸ್ಟಾಪನ್ನೇ ಮರೆಯುತ್ತಾಳೆ. ಬೆಳಿಗ್ಗೆ ಮಂಡಿಯೇ ತನ್ನ ವಿಷಯವೆಂದು ಗೈಡ್‌ಗೆ ಮೇಲ್ ಬರೆದವಳು ತಿಂಡಿ ಮುಗಿಯುವಷ್ಟರಲ್ಲಿ ಹೃದಯದ ಕವಾಟಕ್ಕೆ ಜಿಗಿದು, ಸಂಜೆಗೆ ಕೃತಕ ಪಾದ ಹಿಡಿದು ಕೂರುತ್ತಾಳೆ. "ಒಂದ್ ಮೂಳೆ ಆರಿಸ್ಕೊಳ್ಳಾಕೆ ಇಷ್ಟ್ ಒದ್ದಾಟನಾ? ನಿಮ್ಮಪ್ಪ ಹಸ ಕೊಳ್ಳೋವಾಗ್ಲೂ ಇಷ್ಟ್ ಯೋಚ್ನೆ ಮಾಡಲ್ಲ ಕಣೇ" ಎಂದು ತಾಯಿ ಗುರುಸಿದ್ದಮ್ಮ ಗೊಣಗುತ್ತಾರೆ. ವಿಷಯ ತಿಳಿಸಲು ಕಡೆಯ ದಿನವೂ ಅವಳು ಫೋನ್ ಹಿಡಿದು ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದಳು. ಅಪ್ಪ ತೋಂಟದಾರ್ಯ ಅಟ್ಟದಿಂದ ಇಳಿಸಿದ ಕಾಯಿಗಳನ್ನು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು, ಎಡಗಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದರು. ಆರು ವರ್ಷದ ಹಿಂದೆ ಅವರು ಕಾಯಿಯನ್ನು ಬಲಗಿವಿಯಿಂದ ಎಡಕ್ಕೆ ಬದಲಾಯಿಸಿದಾಗಿನಿಂದ, ಬಲಗಿವಿ ಮಂದವಾಯಿತೆಂದು ಮನೆಯವರೆಲ್ಲ ಎಡಕ್ಕೆ ಬಂದೇ ಕೂಗಿ ಮಾತಾಡುತ್ತಾರೆ. ಅವರ ಬಲಗಡೆಯಿಂದ ಹಾದುಹೋಗುತ್ತ ಭಾನುಪ್ರಿಯಾ, "ಏನ್ ಬರೀಲಿ ಈಗ?" ಎಂದು ತನಗೆ ತಾನೇ ಪಿಸುಗುಟ್ಟಿದಳು. "ಯಾವ್ದೋ ಒಂದ್ ಬರೆದ್ ಬುಡವ್ವ" ಎಂದರು ಅಪ್ಪ, ತಲೆಯೆತ್ತದೆ. ಅವಳು ಗಕ್ಕನೆ ನಿಂತಳು. "ಅಪ್ಪಾ, ಈ ಕಿವಿ ಕೇಳ್ಸುತ್ತಾ?" "ಕಿವಿಗೇನಾಗೈತೆ? ಬಲಗೈ ಮ್ಯಾಕೆ ಏಳಲ್ಲ, ಅದ್ಕೇ ಎಡಗೈಲಿ ಅಲ್ಲಾಡಿಸ್ತೀನಿ. ನೀವೆಲ್ಲ ಕಿವಿ ಅಂದ್ರಿ, ನಾನೂ ಸುಮ್ನಾದೆ. ಕೈ ಅಂದಿದ್ರೆ ಕಾಯಿ ಮುಟ್ಟಾಕೆ ಬುಡ್ತಿದ್ರಾ?"