ಲಾಲ್ ಅಹ್ಮದರ ಕಣ್ಣು, ಹೊಸ ಲಾರಿಯ ರಡಾರ್

ಲಾಲ್ ಅಹ್ಮದ್ ಮೂವತ್ತೆರಡು ವರ್ಷ ಲಾರಿ ಓಡಿಸಿದವರು. ಕಲಬುರಗಿಯ ದಾಲ್‌ಮಿಲ್ಲಿನಿಂದ ತೊಗರಿಬೇಳೆ ತುಂಬಿಕೊಂಡು ಕಮಲಾಪುರ, ಹುಮನಾಬಾದ ದಾಟಿ ಹೈದರಾಬಾದಿಗೆ ಹೋಗುವುದು, ಬರುವುದು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಮುಂದಿನ ಗಾಡಿಗೆ ಗುದ್ದಿದವರಲ್ಲ. ಮಿಲ್ಲಿನ ಸಾವಕಾರ ಕಲ್ಯಾಣಪ್ಪ ಹೊಸ ಲಾರಿ ತಂದಾಗ ಕೀಲಿಯನ್ನು ಅವರ ಕೈಗೇ ಕೊಟ್ಟದ್ದು ಇದಕ್ಕಾಗಿ.

ಅದನ್ನು ಓಡಿಸಲು ಕಲಿಸಲಿಕ್ಕೆ ಲಾರಿ ಕಂಪನಿಯಿಂದ ಭುವನೇಶ್ವರಿ ಎಂಬ ಇಂಜಿನಿಯರ್ ಬಂದಳು. ಪಕ್ಕದ ಸೀಟಿನಲ್ಲಿ ಕೂತು ಹೇಳಿದಳು:

"ಚಾಚಾ, ಮುಂದಿನ ಬಂಪರ್‌ನಾಗ ರಡಾರ್ ಅದ. ಅದು ಬಿಟ್ಟ ರೇಡಿಯೋ ಅಲೆ ಮುಂದಿನ ಗಾಡಿಗೆ ಬಡದು ತಿರುಗಿ ಬರ್ತದ. ಆ ಗಾಡಿ ಎಷ್ಟು ದೂರ ಅದ, ಎಷ್ಟು ಜೋರ್ ಹೊಂಟದ ಅಂತ ಅದರಿಂದ ತಿಳೀತದ. ನೀವು ಈ ಗುಂಡಿ ಒತ್ತಿ ಅರವತ್ತಕ್ಕ ಇಟ್ರ, ರಸ್ತಾ ಖಾಲಿ ಇದ್ದಾಗ ಅರವತ್ತಕ್ಕೇ ಹೋಗ್ತದ. ಮುಂದ ಯಾರರ ಸಾವಕಾಶ ಹೊಂಟಿದ್ರ ತಾನೂ ಸಾವಕಾಶ ಆಗ್ತದ. ಮೊದಲು ರೇಸ್ ಬಿಡ್ತದ, ಆಮ್ಯಾಲ ಇಂಜಿನ್ ಬ್ರೇಕು, ಸಾಲದಿದ್ರ ಗಾಲಿ ಬ್ರೇಕು."

"ಹಂಗಾದ್ರ ನಾ ಏನ್ ಮಾಡ್ಲಿ? ಹಾಡು ಹಾಡ್ಕೋತ ಕೂಡ್ಲೇನು?"

ಭುವನೇಶ್ವರಿ ನಗಲಿಲ್ಲ. "ನೋಡ್ಕೋತ ಕೂಡ್ರಬೇಕ್ರಿ. ನಿಂತ ಗಾಡಿ ಒಮ್ಮೊಮ್ಮಿ ಇದಕ್ಕ ತಿಳಿಯಂಗಿಲ್ಲ. ಕಣ್ಣು, ಸ್ಟೇರಿಂಗು ನಿಮ್ಮವೇ."

ಮೊದಲ ವಾರ ಲಾಲ್ ಅಹ್ಮದ್ ಅದನ್ನು ಬೈದದ್ದೇ ಬೈದದ್ದು. ಲಾರಿ ಮುಂದೆ ಜಾಗ ಬಿಟ್ಟರೆ ಅಲ್ಲಿ ಆಟೋ ನುಗ್ಗುತ್ತಿತ್ತು. ಆಟೋಗೆ ಜಾಗ ಕೊಡಲು ಲಾರಿ ಇನ್ನಷ್ಟು ನಿಧಾನವಾದರೆ ಎರಡು ಬೈಕು. ಆದರೆ ತಿಂಗಳೊಳಗೆ ಬೈಗುಳ ನಿಂತಿತು. ಊರು ದಾಟಿದ ಕೂಡಲೇ ಅವರ ಬೆರಳು ತಾನಾಗಿ ಆ ಗುಂಡಿಗೆ ಹೋಗುತ್ತಿತ್ತು.

ಅದರ ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ಒಂದು ವರ್ಷದಿಂದ ಕಣ್ಣ ಮುಂದೆ ಮಂಜು ಕಟ್ಟಿದಂತಿತ್ತು. ಬಿಸಿಲು ಎದುರಿಗಿದ್ದರೆ ರಸ್ತೆಯೆಲ್ಲ ಬೆಳ್ಳಗೆ. ಮುಂದಿನ ಗಾಡಿ ಎಷ್ಟು ದೂರವಿದೆ ಎಂಬ ಅಂದಾಜು ಕೈತಪ್ಪಿ ಹೋಗಿತ್ತು. ಈಗ ಆ ಅಂದಾಜನ್ನು ಲಾರಿಯೇ ಮಾಡುತ್ತಿತ್ತು. ಒಂದು ದಿನ ಮನೆಯಲ್ಲಿ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದಾಗ ಹೆಂಡತಿ ಹಾಜಿರಾ, "ಕ್ಯಾ ಜೀ, ದಿಖ್ತಾ ನೈ ಕ್ಯಾ?" ಎಂದು, ಕಣ್ಣು ಕಾಣುವುದಿಲ್ಲವೇ ಎಂದು ಕೇಳಿದಳು. ಕೈ ನಡುಗಿತು ಎಂದು ಸುಳ್ಳು ಹೇಳಿದರು.

ಜನವರಿಯ ಒಂದು ಬೆಳಿಗ್ಗೆ, ಕಮಲಾಪುರ ಇನ್ನೂ ಎರಡು ಮೈಲಿ ಇತ್ತು. ಸೂರ್ಯ ನೇರ ಮುಖಕ್ಕೆ. ಮುಂದೊಂದು ಟ್ಯಾಂಕರ್, ಅದರ ಹಿಂದೆ ಲಾರಿ ಒಂದೇ ಅಂತರದಲ್ಲಿ ಹೊರಟಿತ್ತು. ಟ್ಯಾಂಕರ್ ಥಟ್ಟನೆ ಬಲಕ್ಕೆ ಸರಿಯಿತು. ರಸ್ತೆ ಖಾಲಿಯಾಯಿತೆಂದು ಬಗೆದು ಲಾರಿ ವೇಗ ಹೆಚ್ಚಿಸತೊಡಗಿತು. ಲಾಲ್ ಅಹ್ಮದರಿಗೆ ಕಂಡದ್ದು ಬೆಳ್ಳನೆಯ ಬೆಳಕು, ಅದರ ನಡುವೆ ಗಿಡದ ನೆರಳಿನಂಥದ್ದೇನೋ. ಆ ನೆರಳಿಗೆ ಗಾಲಿಗಳಿವೆ ಎಂದು ತಿಳಿಯುವಷ್ಟರಲ್ಲಿ ಕ್ಯಾಬಿನ್ನಿನಲ್ಲಿ ಎಚ್ಚರಿಕೆಯ ಸದ್ದು ಹೊಡೆದುಕೊಂಡಿತು. ಬ್ರೇಕಿನ ಮೇಲೆ ನಿಂತೇಬಿಟ್ಟರು, ಸ್ಟೇರಿಂಗ್ ಎಡಕ್ಕೆ ಎಳೆದರು. ಬಲಗಡೆಯ ಕನ್ನಡಿ ಒಡೆದು ಹಾರಿತು. ಲಾರಿ ತೊಗರಿ ಹೊಲದ ಬದುವಿಗೆ ಮೂತಿ ಹಚ್ಚಿ ನಿಂತಿತು.

ಅದು ಟೈರ್ ಒಡೆದು ನಿಂತಿದ್ದ ಬಾಳೆಗೊನೆಯ ಟ್ರ್ಯಾಕ್ಟರ್. ಅದರ ಒಡೆಯ ಸೂರ್ಯಕಾಂತ ಆಚೆಗೆ ಜಿಗಿದು ಬದುಕಿಕೊಂಡಿದ್ದ. ಓಡಿ ಬಂದು ಕೂಗಿದ: "ಇಷ್ಟ್ ದೊಡ್ಡ ಟ್ರ್ಯಾಕ್ಟರ್ ಕಾಣಲಿಲ್ಲೇನ್ರಿ?"

"ಇಲ್ಲ," ಎಂದರು ಲಾಲ್ ಅಹ್ಮದ್. ಆ ಮಾತು ಅವರ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ಮುಂದಕ್ಕೆ ಓಡಿಸಲಿಲ್ಲ. ಸಾವಕಾರರಿಗೆ ಫೋನ್ ಮಾಡಿ, ಬೇರೆ ಡ್ರೈವರನ್ನು ಕರೆತರಲು ಹೇಳಿದರು. ಕಲ್ಯಾಣಪ್ಪ ಡ್ರೈವರ್ ಶಿವಲಿಂಗನನ್ನು ಕರೆದುಕೊಂಡು ಬಂದರು. ಲಾರಿಯ ಸುತ್ತ ಒಂದು ಸುತ್ತು ಹಾಕಿದರು.

"ಮಷೀನ್ ಕೈ ಕೊಡ್ತೇನು ಲಾಲಸಾಬ್? ಕಂಪನಿಯವರಿಗೆ ಬಿಡಂಗಿಲ್ಲ ನಾ."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲಾಲ್ ಅಹ್ಮದ್ ತಲೆ ಅಲ್ಲಾಡಿಸಿದರು. "ಮಷೀನಿಗಿ ಏನ್ ಆಗಂಗಿಲ್ಲೋ ಅದನ್ನ ಆ ಹುಡುಗಿ ಮೊದಲೇ ಹೇಳ್ಯಾಳ್ರಿ. ನನ್ನ ಕಣ್ಣಿಗಿ ಪರದೆ ಬಂದದ. ವರ್ಷಾತು. ನಾ ಹೇಳಲಿಲ್ಲ."

ಕಲ್ಯಾಣಪ್ಪ ಕನ್ನಡಿ ಹಾರಿಹೋದ ಜಾಗವನ್ನು ಮುಟ್ಟಿ ನೋಡಿದರು. "ನನ್ನ ಮಗಳು ದಿನಾ ಇದೇ ರಸ್ತಾದಾಗ ಕಾಲೇಜಿಗಿ ಹೋಗ್ತಾಳ," ಎಂದಷ್ಟೇ ಹೇಳಿ ಕಾರು ಹತ್ತಿದರು.

ಫೆಬ್ರವರಿಯಲ್ಲಿ ಒಂದು ಕಣ್ಣಿನ ಪೊರೆಯ ಆಪರೇಷನ್ ಆಯಿತು, ಏಪ್ರಿಲ್‌ನಲ್ಲಿ ಇನ್ನೊಂದರದು. ಎರಡು ಸಲವೂ ಆಸ್ಪತ್ರೆಯಲ್ಲಿ ಜೊತೆಗಿದ್ದ ಹಾಜಿರಾ ಚಹಾದ ಮಾತೆತ್ತಲಿಲ್ಲ. ಸಾವಕಾರರಿಂದ ಫೋನ್ ಬಂದದ್ದು ಜೂನ್‌ನಲ್ಲಿ. ಮಿಲ್ಲಿಗೆ ಹೋದಾಗ, ಕಣ್ಣು ಸರಿಯಿದೆ ಎಂದು ಡಾಕ್ಟರರು ಬರೆದುಕೊಟ್ಟ ಕಾಗದವನ್ನು ಕಲ್ಯಾಣಪ್ಪ ಎರಡು ಸಲ ಓದಿದರು. ಹೈದರಾಬಾದಿನ ದಾರಿ ಶಿವಲಿಂಗನಿಗೇ ಉಳಿಯಿತು. ಲಾಲ್ ಅಹ್ಮದರಿಗೆ ಮಿಲ್ಲಿನಿಂದ ಊರೊಳಗಿನ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಿಗೆ ಬೇಳೆ ಮುಟ್ಟಿಸುವ ಹಳೆಯ ಗಾಡಿ ಸಿಕ್ಕಿತು. ಅವರು ತಕರಾರು ಮಾಡಲಿಲ್ಲ.

ರಜೆಯ ದಿನ ಶಿವಲಿಂಗ ಕರೆದರೆ ಹೊಸ ಲಾರಿಯ ಪಕ್ಕದ ಸೀಟಿನಲ್ಲಿ ಕೂತು ಕಮಲಾಪುರದವರೆಗೆ ಹೋಗುತ್ತಾರೆ. ಮಾತು ಕಡಿಮೆ, ಕಣ್ಣು ರಸ್ತೆಯ ಮೇಲೆ. ಅಲ್ಲಿ ಇಳಿದು ಬಸ್ಸಿಗೆ ವಾಪಸ್ ಬರುತ್ತಾರೆ.